ನಿನ್ನ ಹೆಸರಿನಲ್ಲಿ ಕುಡಿಸಿದ ನೀರು

ನಾನು ಕಣ್ಣಾರೆ ಕಾಣದ ಲೀಲಕ್ಕನಿಗೆ,

ನಾನು ಸುಮತಿ. ನೀನು ಹೋದ ಮರುವರ್ಷ ನಿನ್ನ ಗಂಡನನ್ನು ಮದುವೆಯಾಗಿ ನಿನ್ನ ಮನೆಗೆ ಬಂದವಳು. ಮೊದಲನೆಯವಳನ್ನು ಅಕ್ಕ ಅನ್ನುವುದು ಕ್ರಮ, ಅದಕ್ಕೆ ಅಕ್ಕ ಅಂದೆ. ಆದರೆ ನೀನು ಹೋದಾಗ ನಿನಗಿದ್ದ ಪ್ರಾಯವನ್ನು ನಾನು ದಾಟಿ ಎಷ್ಟೋ ಕಾಲವಾಯಿತು. ನನ್ನ ತಲೆಯಲ್ಲಿ ಬಿಳಿ ಕೂದಲು ಎದ್ದು ಕಾಣುತ್ತದೆ, ನಿನ್ನದು ಇನ್ನೂ ಕಪ್ಪಗೇ ಇರಬೇಕು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಎದುರಿಗೆ ಸಿಕ್ಕಿದ್ದರೆ ತುಳುವಿನಲ್ಲೇ ಜಗಳ ಆಡಬಹುದಿತ್ತು. ಬರೆಯಲು ಕೂತರೆ ಮೂಡುಬಿದಿರೆಯ ಮಾವನ ಮನೆಯಲ್ಲಿದ್ದು ಶಾಲೆಯಲ್ಲಿ ಕಲಿತ ಕನ್ನಡವೇ ಕೈಗೆ ಬರುತ್ತದೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿ ಏನಾಗಬೇಕು?

ಮದುವೆಯ ಮರುದಿನ ಬೆಳಿಗ್ಗೆ ಬಾಯಾರಿಕೆಯಾಗಿ ಅಡುಗೆಮನೆಗೆ ಹೋದೆ. ಮೂಲೆಯಲ್ಲಿದ್ದ ಮಣ್ಣಿನ ಕೊಡಪಾನದ ಮುಚ್ಚಳ ತೆಗೆದು ಚೆಂಬು ಅದ್ದಿದೆ. ಮಾಡಿದ್ದು ಅಷ್ಟೆ. ಅತ್ತೆ ಬಂದವರು ಆ ಕೊಡಪಾನವನ್ನು ಎತ್ತಿಕೊಂಡು ಹೋಗಿ, ಅಷ್ಟೂ ನೀರನ್ನು ಅಂಗಳದ ಬಾಳೆಯ ಬುಡಕ್ಕೆ ಚೆಲ್ಲಿದರು. ಮತ್ತೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ, ಉದ್ದ ಹಿಡಿಯ ತೆಂಗಿನ ಚಿಪ್ಪಿನ ಸೌಟನ್ನು ತೋರಿಸಿದರು.

"ಕುಡಿಯುವ ನೀರಿಗೆ ಕೈ ತಾಗಿಸುದುಂಟಾ? ಲೀಲ ಮಾಡಿ ಇಟ್ಟ ಸೌಟು ಅದು. ಅದರಲ್ಲೇ ತೆಗಿಬೇಕು."

ಹಸೆಮಣೆಯ ಮೇಲೆ ಕೂತಾಗ ನಿನ್ನ ನೆನಪೇ ಬಂದಿರಲಿಲ್ಲ ನನಗೆ. ಆ ಸೌಟು ನೋಡಿದ ಮೇಲೆ ನಿನ್ನನ್ನು ಮರೆತ ದಿನವಿಲ್ಲ. ನಮ್ಮ ಮನೆ ಬಂಟ್ವಾಳ ಪೇಟೆಯಲ್ಲಿ ನೇತ್ರಾವತಿಗೆ ಬೆನ್ನು ಹಾಕಿ ನಿಂತದ್ದು, ಎದುರಿಗೆ ಉಪ್ಪು-ಬೆಲ್ಲದ ಅಂಗಡಿ, ಹಿಂದೆ ಬಾವಿ. ಹೊಳೆಯ ಪಕ್ಕದಲ್ಲಿ ಬದುಕುವವರಿಗೆ ನೀರಿನ ಬಗ್ಗೆ ಇಷ್ಟು ಶಿಸ್ತು ಯಾಕಪ್ಪ ಎಂದು ನಾನು ಅಂದುಕೊಂಡೆ. ಬಾವಿಯ ತಳಕ್ಕೆ ನೆಲ್ಲಿಮರದ ಗೆಲ್ಲು ಹಾಕಿಸಿದವಳು ನೀನು, ನೀರು ಸಿಹಿಯಾಗಲು. ಕುದಿಸಿ ಆರಿಸಿದ್ದನ್ನು ಮಾತ್ರ ಕುಡಿಯಬೇಕು ಎಂದವಳು ನೀನು. ಬಾಗಿಲಿಗೆ ಬಂದವರಿಗೆ ಬೆಲ್ಲ, ನೀರು ಕೊಟ್ಟೇ ಮಾತು ಶುರು ಮಾಡುವ ಊರಲ್ಲವಾ ನಮ್ಮದು? ನಾನು ತಂದುಕೊಟ್ಟ ನೀರನ್ನು ಗಟಗಟ ಕುಡಿದು ಅವರು ಹೇಳುವುದು ಒಂದೇ, "ಲೀಲನ ಕೈಯ ನೀರಿನ ರುಚಿ ಹಾಗೇ ಉಂಟು ನೋಡಿ." ಸೇದಿದ್ದು ನಾನು, ಕುದಿಸಿದ್ದು ನಾನು, ಹೊಗೆ ಕುಡಿದದ್ದು ನಾನು.

ಬೀಫಾತುಮ ಬೇಲಿಯ ಆಚೆ ನಿಂತು ನಿನ್ನ ಕಥೆ ಹೇಳಿದ ಮಧ್ಯಾಹ್ನ ನೆನಪಾಗುತ್ತದೆ. ಪಕ್ಕದ ಮನೆಯ ಈ ಬ್ಯಾರಿ ಹೆಂಗಸು ನಿನಗೆ ಎಷ್ಟು ಆಪ್ತಳಾಗಿದ್ದಳೋ ನನಗೂ ಈಗ ಅಷ್ಟೇ ಆಪ್ತಳು, ಇದೊಂದನ್ನಾದರೂ ನಿನ್ನಿಂದ ಕಿತ್ತುಕೊಂಡೆ. ನೀನಿದ್ದಾಗ ಬಂದ ಮೊದಲ ನೆರೆಯಲ್ಲಿ ಪೇಟೆಯ ಬಾವಿಗಳೆಲ್ಲ ಮುಳುಗಿ, ಜನರೆಲ್ಲ ಪೇಟೆಯ ಮೇಲಿನ ಗುಡ್ಡೆ ಹತ್ತಿ ಕೂತಾಗ, ಸುತ್ತಲೂ ನೀರೇ ನೀರು, ಕುಡಿಯಲು ತೊಟ್ಟಿಲ್ಲ. ಆಗ ನೀನು ನಿನ್ನ ಸೀರೆಯ ನಾಲ್ಕು ಮೂಲೆಗಳನ್ನು ಗೂಟಗಳಿಗೆ ಕಟ್ಟಿ, ನಡುವೆ ಒಂದು ತೊಳೆದ ಕಲ್ಲು ಇಟ್ಟು, ಅದು ತಗ್ಗಿದ ಜಾಗದ ಕೆಳಗೆ ತಾಮ್ರದ ಚೆರಿಗೆ ಇಟ್ಟೆಯಂತೆ. ಮೊದಲ ಮಳೆಯ ನೀರನ್ನು ಚೆಲ್ಲಿಸಿದೆಯಂತೆ, ಬಟ್ಟೆ ತೊಳೆದುಹೋಗಲಿ ಎಂದು. ಆಮೇಲೆ ಬಿದ್ದದ್ದನ್ನು ಕುದಿಸಿ ಎಲ್ಲರಿಗೂ ಅಳೆದು ಅಳೆದು ಕೊಟ್ಟೆಯಂತೆ. "ಗುಡ್ಡೆಯಲ್ಲಿದ್ದ ಒಬ್ಬರಿಗೂ ವಾಂತಿಭೇದಿ ಆಗ್ಲಿಲ್ಲ ಮಾರಾಯ್ತಿ," ಎಂದಳು ಬೀಫಾತುಮ, "ಅವಳು ಇಲ್ಲದಿದ್ರೆ ನಾವು ಎಲ್ಲಿ ಇರ್ತಿದ್ದೆವೋ." ಇಂಥ ಹೆಂಡತಿಯ ಜಾಗಕ್ಕೆ ಬಂದು ನಾನು ಏನು ಮಾಡಬೇಕಿತ್ತು? ಇನ್ನೊಂದು ನೆರೆಗಾಗಿ ಹರಕೆ ಹೊರಬೇಕಿತ್ತಾ?

ನಿನ್ನ ಫೋಟೋ ಹುಡುಕಿದ ದಿನವೂ ಒಂದುಂಟು. ಅಟ್ಟ, ಪೆಟ್ಟಿಗೆ, ದೇವರ ಕೋಣೆಯ ಹಿಂದೆ, ಎಲ್ಲ ಕಡೆ ನೋಡಿದೆ. ಒಂದೂ ತೆಗೆಸಿರಲಿಲ್ಲವಂತೆ ನೀನು. ಎಂಥ ಅನ್ಯಾಯ. ಫೋಟೋ ಇದ್ದಿದ್ದರೆ ಮೂಗು ಸ್ವಲ್ಪ ಸೊಟ್ಟ, ಹಣೆ ಅಗಲ ಎಂದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ನೀನು ನನ್ನ ತಲೆಯೊಳಗೆ ದಿನಕ್ಕೊಂದು ಚಂದದಲ್ಲಿ ಬರುತ್ತೀ. ಯಜಮಾನರ ಹತ್ತಿರ ಒಂದು ಸಲ ಕೇಳಿದೆ, ಅಕ್ಕ ನೋಡಲು ಹೇಗಿದ್ದರು ಎಂದು. ಅವರು ಬೆಲ್ಲದ ಅಚ್ಚು ಎಣಿಸುತ್ತಾ "ಚಂದ ಇದ್ದಳು" ಎಂದು ಹೇಳಿ, ಮತ್ತೆ ಮೊದಲಿನಿಂದ ಎಣಿಸಲು ಶುರು ಮಾಡಿದರು. ಲೆಕ್ಕ ತಪ್ಪಿತ್ತು ನೋಡು. ನನ್ನ ವಿಷಯ ಕೇಳಿದರೆ ಅವರಿಗೆ ಎಂದೂ ಲೆಕ್ಕ ತಪ್ಪಲಿಲ್ಲ.

ಶಾರದೆಯ ವಿಷಯಕ್ಕೆ ಬರುತ್ತೇನೆ, ನೀನು ಕಾಯುತ್ತಿರುವುದು ಅದಕ್ಕೇ ಅಲ್ಲವಾ. ನಾನು ಬಂದಾಗ ನಿನ್ನ ಮಗಳು ಬಾಗಿಲ ಸಂದಿಯಿಂದ ನನ್ನನ್ನು ನೋಡಿ ಅಜ್ಜಿಯ ಹಿಂದೆ ಅಡಗಿದವಳು. ತಲೆ ಬಾಚಲು ಕೊಟ್ಟಳು, ಜ್ವರ ಬಂದಾಗ ಮಡಿಲಲ್ಲಿ ಮಲಗಿದಳು, ಮಳೆಗಾಲದ ರಜೆಯಲ್ಲಿ ವೇಣೂರಿನ ನನ್ನ ತವರಿಗೂ ಬಂದಳು. ಆದರೆ ಕರೆಯುವುದು ಚಿಕ್ಕಮ್ಮ. ಯಾರೋ ಕಲಿಸಿಕೊಟ್ಟದ್ದು, ತಪ್ಪೇನೂ ಅಲ್ಲ. ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ, ಹಾಗಾಗಿ ಆ ಇನ್ನೊಂದು ಶಬ್ದ ನನ್ನ ಕಿವಿಗೆ ಬಿದ್ದದ್ದೇ ಇಲ್ಲ. ನೀನು ಸತ್ತು ನಿನ್ನ ಬಾಯಿಗೆ ಅಕ್ಕಿಕಾಳು ಬಿದ್ದ ಮೇಲೂ ಅದು ನಿನ್ನದೇ ಆಗಿ ಉಳಿಯಿತಲ್ಲ, ಅದು ಹೇಗೆ ನ್ಯಾಯ ಎಂದು…

ಎರಡನೆಯ ನೆರೆ ಬಂದದ್ದು ಶಾರದೆಗೆ ಹತ್ತು ವರ್ಷವಾದಾಗ. ಬೆಳಗಾಗುವಾಗ ಹೊಳೆ ಅಂಗಡಿಯ ಹೊಸ್ತಿಲಲ್ಲಿತ್ತು. ಉಪ್ಪಿನ ಮೂಟೆ ಕಣ್ಣೆದುರೇ ಕರಗಿತು, ಬೆಲ್ಲ ಕರಗಿ ನೀರಿಗೆ ಬಣ್ಣ ಬಂತು. ಯಜಮಾನರು ತಮ್ಮ ಅಮ್ಮನ ಕೈ ಹಿಡಿದು, ನಾನು ಶಾರದೆಯನ್ನು ಹಿಡಿದು ಅದೇ ಗುಡ್ಡೆ ಹತ್ತಿದೆವು. ಅತ್ತೆ ತಮ್ಮ ಬಂಗಾರ ಬಿಟ್ಟು ನಿನ್ನ ತಾಮ್ರದ ಚೆರಿಗೆಯನ್ನು ತಂದಿದ್ದರು. ಗುಡ್ಡೆಯ ಮೇಲೆ ಬೀಫಾತುಮನ ಅಣ್ಣನ ಗುಡಿಸಲು, ಅದರ ಸುತ್ತ ಪೇಟೆಯ ನಾಲ್ಕಾರು ಸಂಸಾರ. ಗುಡಿಸಲಿನವರಿಗೆ ಮೇಲೆ ಬಾವಿ ಇರಲಿಲ್ಲ, ದಿನವೂ ಕೆಳಗಿನಿಂದ ಹೊರುತ್ತಿದ್ದರು, ಆ ಬಾವಿ ಈಗ ಹೊಳೆಯೊಳಗೆ. ಗುಡ್ಡೆಯ ಸುತ್ತ ಕೆಂಪು ನೀರು, ಅದರಲ್ಲಿ ತೇಲುತ್ತಾ ಹೋಗುವ ಹಟ್ಟಿಯ ಹುಲ್ಲಿನ ಮಾಡು, ಸತ್ತ ಕರು, ಪೇಟೆಯ ಎಲ್ಲ ಹೊಲಸು.

ಅತ್ತೆ ಮೊದಲು ಮಾಡಿದ ಕೆಲಸ ಹೇಳುತ್ತೇನೆ, ನಿನಗೆ ಖುಷಿಯಾದೀತು. ನಾಲ್ಕು ಗೂಟ ಊರಿಸಿ, ಸೀರೆ ಕಟ್ಟಿಸಿ, ನಡುವೆ ಕಲ್ಲು ಇಟ್ಟು, ಕೆಳಗೆ ಚೆರಿಗೆ ಇಟ್ಟರು. ಎಲ್ಲರೂ ಸುತ್ತ ಕೂತರು. ಆದರೆ ಲೀಲಕ್ಕ, ಮಳೆ ಎಲ್ಲಿತ್ತು? ಮಳೆ ಬೀಳುತ್ತಿದ್ದದ್ದು ಘಟ್ಟದ ಬುಡದಲ್ಲಿ, ನೆರಿಯ ಊರಿನ ಕಡೆಯಲ್ಲಿ. ನಮ್ಮ ತಲೆಯ ಮೇಲೆ ಬಿಸಿಲು ಕಾಯುತ್ತಿತ್ತು. ಒಣಗಿದ ಸೀರೆಯ ಅಡಿಯಲ್ಲಿ ಖಾಲಿ ಚೆರಿಗೆ ಇಟ್ಟುಕೊಂಡು ಊರಿಗೆ ಊರೇ ಆಕಾಶ ನೋಡುತ್ತಿತ್ತು. "ಬರ್ತದೆ, ಲೀಲನಿಗೆ ಬಂದದ್ದು ನಮಗೆ ಬರುದಿಲ್ಲವಾ?" ಅನ್ನುತ್ತಿದ್ದರು ಅತ್ತೆ. ಸಂಜೆಯವರೆಗೆ ಕೂತೆವು. ಮರುದಿನವೂ ಕೂತೆವು. ಗುಡಿಸಲಿನಲ್ಲಿದ್ದ ಒಂದು ಕೊಡ ನೀರು ಎಲ್ಲರ ನಾಲಿಗೆ ಒದ್ದೆ ಮಾಡಿ ಮುಗಿಯಿತು. ಆಗಲೂ ಸೀರೆ ಬಿಚ್ಚಲು ಯಾರಿಗೂ ಮನಸ್ಸಿಲ್ಲ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಶಾರದೆ ಇಳಿಜಾರಿನಲ್ಲಿ ಕಾಲು ಚಾಚಿ ಕೂತು ಕೆಂಪು ನೀರನ್ನೇ ನೋಡುತ್ತಿದ್ದಳು, ತುಟಿ ಒಡೆದಿತ್ತು. ಅದನ್ನು ನೋಡಿದಾಗ ನನ್ನ ನಗು ಇಂಗಿತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವಳು ಆ ನೀರಿಗೇ ಬೊಗಸೆ ಹಾಕುತ್ತಾಳೆ ಎಂದು ಗೊತ್ತಾಯಿತು. ನೀನು ಕೊಟ್ಟ ಮಗಳನ್ನು ನಾನು ಕಳೆದೆ ಎಂದಾದರೆ, ನಿನ್ನ ಎದುರು ನನ್ನದು ಇನ್ನೇನು ಉಳಿಯುತ್ತದೆ? ಎದ್ದು ಬೀಫಾತುಮನನ್ನು ಕರೆದೆ.

ಬೀಫಾತುಮನ ಅಣ್ಣನ ಹೆಂಡತಿ ಒಲೆಯ ಮೇಲಿನ ಮಾಡಿನ ಸಂದಿಯಲ್ಲಿ ಬೀಜಕ್ಕೆಂದು ಒಣ ನುಗ್ಗೆಕೋಡುಗಳನ್ನು ಸಿಕ್ಕಿಸಿದ್ದನ್ನು ನಾನು ಬಂದಾಗಲೇ ನೋಡಿದ್ದೆ. ವೇಣೂರಿನಲ್ಲಿ ನಮ್ಮ ಮನೆಯ ಕೆಳಗೆ ಫಲ್ಗುಣಿ ಮಳೆಗಾಲವಿಡೀ ಕೆಂಪಗೆ ಹರಿಯುವಾಗ ನನ್ನ ಅಮ್ಮ ನುಗ್ಗೆ ಬೀಜದಲ್ಲೇ ನೀರು ತಿಳಿ ಮಾಡುತ್ತಿದ್ದದ್ದು. ನೆರೆಯ ನೀರಿಗೆ ನೇರ ಕೊಡ ಅದ್ದಲಿಲ್ಲ. ಪೇಟೆಯ ಹೊಲಸು ಬಾರದ ಮೇಲ್ಬದಿಗೆ ಹೋಗಿ, ನೀರಿನ ಅಂಚಿನಿಂದ ಮಾರುದ್ದ ಹಿಂದೆ, ಮಣ್ಣು ಮೆತ್ತಗಿದ್ದಲ್ಲಿ ಬೀಫಾತುಮ ಹಾರೆ ಹಿಡಿದು ಗುಂಡಿ ತೋಡಿದಳು. ಅದರೊಳಗೆ ಮೆಲ್ಲಗೆ ಒಸರಿದ ನೀರನ್ನು ಚಿಪ್ಪಿನಲ್ಲಿ ಗೋರಿ ತುಂಬಿಸಿದೆ. ಕೆಂಪಗೇ ಇತ್ತು, ಆದರೆ ಕಸವಿರಲಿಲ್ಲ, ನಾತವಿರಲಿಲ್ಲ. ಬೀಜದ ಸಿಪ್ಪೆ ತೆಗೆದು ಒಳಗಿನ ಬಿಳಿ ತಿರುಳನ್ನು ಕಲ್ಲಿನಲ್ಲಿ ಜಜ್ಜಿ, ಚೂರು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಹಿಂಡಿ ಹಾಲಿನಂಥ ರಸವನ್ನು ಕೊಡಕ್ಕೆ ಬಿಟ್ಟೆ. ಮೊದಲು ಜೋರಾಗಿ ತಿರುವಬೇಕು, ಆಮೇಲೆ ನಿಧಾನಕ್ಕೆ, ಆಮೇಲೆ ಕೈ ಬಿಟ್ಟು ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಮಣ್ಣು ಹೆಪ್ಪುಹೆಪ್ಪಾಗಿ ಅಡಿಗೆ ಇಳಿಯಿತು, ಮೇಲಿನ ನೀರಿನಲ್ಲಿ ಅದ್ದಿದ ನನ್ನ ಬೆರಳುಗಳು ಕಂಡವು.

ಮೇಲಿನ ತಿಳಿ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ಕುದಿಸಬೇಕಿತ್ತು. ತಿಳಿಯಾದದ್ದೆಲ್ಲ ಕುಡಿಯುವ ನೀರಲ್ಲ, ಇದನ್ನು ಅಮ್ಮ ಹೇಳುತ್ತಲೇ ಇದ್ದರು. ಚೆರಿಗೆಗಾಗಿ ಸೀರೆಯ ಅಡಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು.

"ಇದು ಲೀಲನ ಕ್ರಮ ಅಲ್ಲ. ಮಳೆ ಬರುವಾಗ ಎಂಥ ಮಾಡುದು?"

"ಬಂದರೆ ನೋಡುವ ಅತ್ತೆ, ಮೊದಲು ಇದು ಕುದಿಯಲಿ."

"ನಾನು ಕುಡಿಯುದಿಲ್ಲ. ಮಗುವಿಗೂ ಕೊಡ್ಲಿಕ್ಕೆ ಬಿಡುದಿಲ್ಲ."

ಯಜಮಾನರು ಏನಾದರೂ ಹೇಳಬಹುದೆಂದು ನೋಡಿದೆ. ಅವರು ಮುಳುಗಿದ ಅಂಗಡಿಯ ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ನಾನು ಕೈ ಕೊಸರಿಕೊಂಡೆ. ಗುಡಿಸಲಿನ ಒಲೆಯಲ್ಲಿ ಒಣ ಚಿಪ್ಪು, ತೆಂಗಿನ ಮಡಲು ಉರಿಸಿ, ನೀರು ಮರಳಿ ಮರಳಿ ಕುದಿಯುವವರೆಗೆ ಕಾದು, ಆರಿಸಿ, ಒಂದು ಲೋಟ ತುಂಬಿಸಿ ಶಾರದೆಯ ಹತ್ತಿರ ಹೋದೆ. ಅವಳು ಲೋಟ ನೋಡಿದಳು, ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೇಳಿದಳು, "ಅಮ್ಮ ಹೀಗೆ ಮಾಡ್ತಿದ್ರಾ?"

ಆ ಹೊತ್ತಿನಲ್ಲಿ ನನ್ನ ಎದೆಯಲ್ಲಿ ಏನಾಯಿತು ಎಂದು ನಿನಗೆ ಹೇಗೆ ಹೇಳುವುದು? ಜೀವಮಾನದಲ್ಲಿ ಒಂದೇ ಒಂದು ಸಲ, ನಿನ್ನ ಕೈಗೆ ಎಟುಕದ ಕೆಲಸ ನನ್ನ ಕೈಯಿಂದ ಆಗಿತ್ತು. ನಿನ್ನ ಸೀರೆ ಒಣಗಿ ನಿಂತಿತ್ತು, ನನ್ನ ನೀರು ಲೋಟದಲ್ಲಿತ್ತು. ಇಲ್ಲ ಮಗ, ಇದು ನನ್ನ ಅಮ್ಮನದ್ದು, ನನ್ನದು ಎಂದು ಹೇಳಲು ಬಾಯಿ ತೆರೆದೆ. ಅವಳ ಒಡೆದ ತುಟಿಯಲ್ಲಿ ರಕ್ತ ಕಾಣಿಸಿತು. "ಹೌದು," ಎಂದೆ, ಎಲ್ಲರಿಗೂ ಕೇಳುವ ಹಾಗೆ, "ನಿನ್ನ ಅಮ್ಮನದ್ದೇ ಕ್ರಮ. ಮಳೆ ಇಲ್ಲದಿದ್ದರೆ ಹೀಗೆ ಮಾಡುದು ಅಂತ ಬೀಫಾತುಮನ ಹತ್ತಿರ ಹೇಳಿದ್ರಂತೆ." ಬೀಫಾತುಮ ನನ್ನ ಮುಖ ನೋಡಿ, "ಹೌದು ಹೌದು, ಹೇಳಿದ್ದಳು," ಎಂದಳು, ಪಾಪ.

ಶಾರದೆ ಒಂದೇ ಉಸಿರಿಗೆ ಕುಡಿದಳು. ಅತ್ತೆ ಎದ್ದು ಬಂದರು. "ಲೀಲನದ್ದು ಅಂತ ಮೊದಲೇ ಹೇಳಬಾರದಾ? ಎಂಥ ಹುಡುಗಿಯಪ್ಪ," ಎಂದು ಲೋಟಕ್ಕೆ ಕೈ ಚಾಚಿದರು. ನೀರು ಇಳಿಯುವವರೆಗೆ ಗುಡ್ಡೆಯ ಮೇಲಿನವರೆಲ್ಲ ಅದನ್ನೇ ಕುಡಿದರು. ಯಾರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಒಲೆಯ ಹಿಂದೆ ಕೂತು, ಹೊಗೆ ತಾಗಿದ ನೆಪದಲ್ಲಿ ಚೆನ್ನಾಗಿ ಅತ್ತುಬಿಟ್ಟೆ.

ನೆರೆ ಇಳಿದ ಮೇಲೆ ಬಾವಿ ಖಾಲಿ ಮಾಡಿ ಸುಣ್ಣ ಹಾಕುವಾಗಲೇ ಕಥೆ ಬೆಳೆಯಲು ಶುರುವಾಗಿತ್ತು. ಲೀಲ ಸತ್ತ ಮೇಲೂ ಊರಿಗೆ ನೀರು ಕುಡಿಸಿದಳು ಎಂದು. ಫರಂಗಿಪೇಟೆಯ ನೆಂಟರು ಬಂದು ಕೇಳಿ ಹೋದರು, ಬೆಳ್ತಂಗಡಿಯ ಮದುವೆಯೊಂದರಲ್ಲಿ ಯಾರೋ ನನಗೇ ಅದನ್ನು ಹೇಳಿದರು. ಅತ್ತೆ ಬಾವಿಕಟ್ಟೆಯ ಪಕ್ಕದಲ್ಲಿ ನುಗ್ಗೆಯ ಗೆಲ್ಲು ನೆಟ್ಟು ಅದಕ್ಕೆ ಲೀಲನ ನುಗ್ಗೆ ಎಂದೇ ಹೆಸರಿಟ್ಟರು. ಅದರ ಸೊಪ್ಪು ಕೊಯ್ದು ಪಲ್ಯ ಮಾಡಿದವಳು ನಾನು, ವರ್ಷಗಟ್ಟಲೆ. ಉಪ್ಪು ಕಡಿಮೆಯಾದರೆ ಮಾತ್ರ ಅದು ಸುಮತಿಯ ಪಲ್ಯ. ಲೋಕದಲ್ಲಿ ನಿಜ ಗೊತ್ತಿದ್ದವರು ನಾನು, ಬೀಫಾತುಮ, ಮತ್ತೆ ನೀನು ಎಂದೇ ನಂಬಿದ್ದೆ. ನಾನು ಬಾಯಿಬಿಡುವ ಹಾಗಿಲ್ಲ, ಬೀಫಾತುಮ ನನಗಾಗಿ ಸುಳ್ಳು ಹೇಳಿ ಸಿಕ್ಕಿಬಿದ್ದವಳು. ಉಳಿದವಳು ನೀನೊಬ್ಬಳು. ಅತ್ತೆಯ ಕನಸಿನಲ್ಲಿ ಹೋಗಿ ಇದು ನನ್ನದಲ್ಲ ಎಂದು ಹೇಳಬಹುದಿತ್ತಲ್ಲ? ಎಷ್ಟು ಸಲ ಕೇಳಿಕೊಂಡೆ ನಿನ್ನನ್ನು. ಬಿಟ್ಟಿ ಬಂದ ಹೆಸರನ್ನು ಯಾರು ಹಿಂದೆ ಕೊಡುತ್ತಾರೆ, ಅಲ್ಲವಾ?

ಮೂರು ತಿಂಗಳ ಹಿಂದೆ ಶಾರದೆಯ ಬಯಕೆಯ ಊಟ. ಹೌದು, ನಿನ್ನ ಮಗಳು ಬಸುರಿಯಾಗಿದ್ದಳು, ಚೊಚ್ಚಲಿಗೆ ನಮ್ಮಲ್ಲಿಗೇ ಬಂದಿದ್ದಳು. ಮೂಡುಬಿದಿರೆಯಿಂದ ಅವಳ ಗಂಡನ ಮನೆಯವರು ಬಂದಿದ್ದರು. ಬೆಲ್ಲ, ನೀರು ಕೊಟ್ಟೆ. ಅತ್ತೆಗೆ ಈಗ ಕಣ್ಣು ಮಂಜು, ಆದರೆ ಕಥೆಯ ಒಂದು ಎಳೆಯೂ ತಪ್ಪುವುದಿಲ್ಲ. ಶುರು ಮಾಡಿದರು, ಸೀರೆ, ಬಿಸಿಲು, ಗುಂಡಿ, ನುಗ್ಗೆ ಬೀಜ, ನಮ್ಮ ಲೀಲ. ಹೂ ಮುಡಿದು ಮಣೆಯ ಮೇಲೆ ಕೂತಿದ್ದ ಶಾರದೆ ತಲೆ ಎತ್ತಿದಳು.

"ಅಜ್ಜಿ, ಅದು ಅಮ್ಮನದ್ದಲ್ಲ."

"ಮತ್ತೆ ಯಾರದ್ದು?"

"ಚಿಕ್ಕಮ್ಮನದ್ದು. ವೇಣೂರಿನ ಕ್ರಮ ಅದು. ಮಳೆನೀರಿನದ್ದು ಅಮ್ಮನದ್ದು, ನುಗ್ಗೆಯದ್ದು ಚಿಕ್ಕಮ್ಮನದ್ದು."

ಯಜಮಾನರು ಪಂಚೆಯ ಅಂಚು ಸರಿಮಾಡಿಕೊಂಡು, "ಹೌದು, ಸುಮತಿಯೇ," ಎಂದರು. ಅವರಿಗೂ ಗೊತ್ತಿತ್ತಾ? ಇಷ್ಟು ಕಾಲ ಗೊತ್ತಿದ್ದೂ… ನಾನು ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದೆ.

ಶಾರದೆ ಹಿಂದೆಯೇ ಬಂದಳು, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. "ಆಗಲೇ ಗೊತ್ತಿತ್ತು," ಎಂದಳು, "ವೇಣೂರಿನ ಅಜ್ಜಿ ಮಾಡುದು ನೋಡಿದ್ದೆ ಅಲ್ವಾ?" ಮತ್ತೆ ಅಮ್ಮ ಹೀಗೆ ಮಾಡುತ್ತಿದ್ದರಾ ಎಂದು ಯಾಕೆ ಕೇಳಿದ್ದು? ಅವಳು ನಿನ್ನ ಸೌಟಿನ ಹಿಡಿಯನ್ನು ಸವರುತ್ತಾ ನಿಂತಳು. "ನೀವು ಎಂಥ ಹೇಳ್ತೀರಿ ನೋಡುವ ಅಂತ. ನಂದು ಅಂತ ನೀವು ಹೇಳಿದ್ರೆ ನಾನು ಕುಡಿತಿರ್ಲಿಲ್ಲ. ನೀವು ಅಮ್ಮನಿಗೆ ಕೊಟ್ಟುಬಿಟ್ರಿ."

ಹತ್ತು ವರ್ಷದ ಹುಡುಗಿ ನನ್ನನ್ನು ಪರೀಕ್ಷೆ ಮಾಡಿದ್ದಾಳೆ, ಲೀಲಕ್ಕ. ನಿನ್ನದೇ ಮಗಳು, ಸಂಶಯವಿಲ್ಲ. ಇಷ್ಟು ವರ್ಷ ನಾನು ಬೇಡಿದ ಮಾತು ನಾಲ್ಕು ಜನರ ಎದುರು ಬಂತು, ಆದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಯಾಕೆಂದರೆ ನೀರು ನನ್ನದು ಎಂದು ಹೇಳುವಾಗಲೂ ಅವಳು ಹೇಳಿದ್ದು ಚಿಕ್ಕಮ್ಮ ಎಂದೇ. ನನಗೆ ಬೇಕಾಗಿದ್ದದ್ದು ನೀರಿನ ಹೆಸರಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಗೊತ್ತಾಯಿತು. ಬೇಕಾದರೆ ನುಗ್ಗೆಯನ್ನೂ ನೀನೇ ಇಟ್ಟುಕೋ, ಬಾವಿಯನ್ನೂ ಇಟ್ಟುಕೋ. ಆ ಒಂದು ಶಬ್ದವನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀಯಾ? ಕೊಡುವುದಿಲ್ಲ, ನನಗೆ ಗೊತ್ತು. ನಾನಾದರೂ ಕೊಡುತ್ತಿರಲಿಲ್ಲ.

ಶಾರದೆಗೆ ನೋವು ಶುರುವಾದಾಗ ಅತ್ತೆ ನಡುಕೋಣೆಯಲ್ಲಿ ಚಾಪೆ ಹಾಸಿಸಿದರು. ನಿನ್ನನ್ನು ಕಳೆದುಕೊಂಡ ಕೋಣೆ. ಎರಡನೆಯ ಹೆರಿಗೆಯಲ್ಲಿ ನೀನು, ನಿನ್ನ ಜೊತೆಗೆ ಆ ಕೂಸು… ಅದನ್ನು ನಾನು ಬರೆಯುವುದಿಲ್ಲ. ಅಲ್ಲಿ ಬೇಡ ಎಂದೆ. ಮೊದಲ ಸಲ, ನಿನ್ನ ಹೆಸರು ಹೇಳದೆ, ಅತ್ತೆಗೆ ಎದುರು ನಿಂತು, ಬಾಡಿಗೆಯ ಕಾರು ತರಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದು "ಅಮ್ಮಾ, ಅಮ್ಮಾ" ಎಂದು ನರಳಿದಳು. ಅದು ನಿನ್ನನ್ನು ಕರೆದದ್ದು ಎಂದು ನನಗೆ ಗೊತ್ತು. ಆದರೆ ಓ ಎಂದದ್ದು ನಾನು. ನೀನು ಅಲ್ಲಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಣ್ಣು. ಮೂಗು ಸ್ವಲ್ಪ ಸೊಟ್ಟ ಉಂಟು, ಅತ್ತೆ ಮಂಜುಗಣ್ಣಿನಲ್ಲಿ ಮುಟ್ಟಿ ನೋಡಿ, ನಿನ್ನದೇ ಎಂದರು. ಅಂತೂ ನಿನ್ನ ಮುಖ ನೋಡಿದ ಹಾಗಾಯಿತು. ಹೆಸರೂ ನಿನ್ನದೇ ಇಟ್ಟರು. ಬೇರೆ ಯಾವ ಹೆಸರಿಗೂ ಅವರ ಬಾಯಿ ತಿರುಗುವುದಿಲ್ಲ, ನಾನು ಏನು ಹೇಳುವುದು? ತೊಟ್ಟಿಲಲ್ಲಿ ಮಲಗಿ ಕಾಲು ಒದೆಯುತ್ತಿದೆ, ಊರಿಗೆಲ್ಲ ನೀರು ಕುಡಿಸಿದವಳ ಹೆಸರು ಹೊತ್ತುಕೊಂಡು.

ಅದಕ್ಕೇ ಈ ಪತ್ರ. ಇನ್ನು ಮೇಲೆ ಲೀಲ ಹಠ ಮಾಡಿದರೆ ಗದರಿಸುವವಳು ನಾನು. ಲೀಲ ಕೊಡಪಾನಕ್ಕೆ ಕೈ ಹಾಕಿದರೆ ನೀರೆಲ್ಲ ಬಾಳೆಯ ಬುಡಕ್ಕೆ ಚೆಲ್ಲಿ, ಗೋಡೆಯ ಸೌಟು ತೋರಿಸುವವಳೂ ನಾನೇ. ಮಾತು ಬಂದಾಗ ಅವಳು ನನ್ನನ್ನು ಅಜ್ಜಿ ಎಂದು ಕರೆಯುತ್ತಾಳೆ, ಅದಕ್ಕೆ ಮೊದಲು ಚಿಕ್ಕ ಎಂದು ಸೇರಿಸಲು ನಾನು ಯಾರಿಗೂ ಬಿಡುವುದಿಲ್ಲ. ಕುದಿಸಿ ಆರಿಸಿದ್ದನ್ನೇ ಕೊಡುತ್ತೇನೆ, ಮಾತು ಕೊಡುತ್ತೇನೆ, ನೀನು ಹೆದರಬೇಡ. ಈ ಮನೆಯಲ್ಲಿ ಲೀಲ ಇನ್ನು ನೀರು ಕುಡಿಯುವುದು ನನ್ನ ಕೈಯಿಂದ.

ಸುಮತಿ